ಸಹಾಯ ಬೇಕು: ಜೈಸಲ್ಮೇರಿನಲ್ಲಿ ಸ್ಯಾಂಡ್‌ಬೋರ್ಡಿಂಗ್

ಹಾಸನದ ಸದಸ್ಯರೆಲ್ಲರಿಗೂ ನಮಸ್ಕಾರ. ಡಿಸೆಂಬರ್ ರಜೆಯಲ್ಲಿ ಮಕ್ಕಳೊಂದಿಗೆ ಜೈಸಲ್ಮೇರಿಗೆ ಹೊರಟಿದ್ದು, ಅಲ್ಲಿಂದ ಸುಮಾರು 40 ಕಿ.ಮೀ. ದೂರದ ಸಮ್ ಮರಳುದಿಬ್ಬಗಳಲ್ಲಿ, ಹಲಗೆಯ ಮೇಲೆ ನಿಂತು ಮರಳಿನ ಇಳಿಜಾರಿನಲ್ಲಿ ಜಾರುವ ಆಟವಾದ ಸ್ಯಾಂಡ್‌ಬೋರ್ಡಿಂಗ್ ಕಲಿಯಬೇಕೆಂದಿದ್ದೇವೆ. ಹಲಗೆಯ ತಳಕ್ಕೆ ಆಗಾಗ ಮೇಣ ಉಜ್ಜದಿದ್ದರೆ ಅದು ಮರಳನ್ನು ಕಚ್ಚಿಕೊಂಡು ನಿಲ್ಲುತ್ತದೆ, ಒದ್ದೆ ಮರಳಿನ ಮೇಲಂತೂ ಸರಿಯಾಗಿ ಜಾರುವುದಿಲ್ಲ, ನಿಂತು ಜಾರುವಾಗ ಮೈಭಾರವನ್ನು ಹಿಂದಿನ ಕಾಲಿನ ಮೇಲೆ ತುಸು ಹೆಚ್ಚು ಬಿಡಬೇಕು ಎಂಬಷ್ಟನ್ನು ಓದಿ ತಿಳಿದುಕೊಂಡಿದ್ದೇನೆ. ಪ್ರತಿ ಸಲವೂ ಹಲಗೆ ಹೊತ್ತು ದಿಬ್ಬ ಹತ್ತಬೇಕಲ್ಲ. ಮುಳ್ಳಯ್ಯನಗಿರಿ ಹತ್ತಿದವರಿಗೆ ಅದೇನು ಮಹಾ ಎಂದು ಮನೆಯವರು ನಗುತ್ತಾರಾದರೂ, ಕಾಲು ಹೂತುಹೋಗುವ ಏರು ಬೇರೆಯೇ ಎಂಬುದು ನನ್ನ ಅಭಿಪ್ರಾಯ. ಎಂಟು ವರ್ಷದ ಮಗಳಿಗೆ ಕುಳಿತು ಜಾರುವ ಸ್ಲೆಡ್ ಹೆಚ್ಚು ಕ್ಷೇಮವೇ? ಬಾಡಿಗೆಯ ಹಲಗೆಗಳಿಗೆ ಪಾದ ಕಟ್ಟುವ ಪಟ್ಟಿ ಇರುತ್ತದೆಯೇ, ಹೆಲ್ಮೆಟ್ ಮತ್ತು ಗಾಗಲ್ಸ್ ಇಲ್ಲಿಂದಲೇ ಒಯ್ಯಬೇಕೇ, ಜೀಪುಗಳ ಓಡಾಟವಿಲ್ಲದ ದಿಬ್ಬಗಳು ಯಾವ ಕಡೆ ಸಿಗುತ್ತವೆ ಎಂಬುದನ್ನು ಹೋಗಿಬಂದವರು ದಯವಿಟ್ಟು ತಿಳಿಸಬೇಕೆಂದು ಕೋರುತ್ತೇನೆ.