ಸ್ಪ್ರೇ ಹೊಡೆದರೆ ಸಾಕೇ? ಜೆಟ್‌ಸ್ಕೀ ಥ್ರಾಟಲ್ ಕುರಿತು ಮನೆಯ ಗುಂಪಿನಲ್ಲಿ ನಡೆದ ವಾದ

ಭಾವ (ಟ್ಯಾಂಪಾ, ಅಮೆರಿಕ): ಮೇಲಿನ ವಿಡಿಯೊವನ್ನು ಎಲ್ಲರೂ ನೋಡಿ. ನೀರಿನ ಮೇಲೆ ಓಡುವ ಜೆಟ್‌ಸ್ಕೀಯ ವೇಗ ಏರಿಸಿ ಇಳಿಸುವ ಥ್ರಾಟಲ್ ಬಿಗಿಯಾಗಿದ್ದರೆ, ಗಾಳಿ-ಪೆಟ್ರೋಲ್ ಬೆರೆಸುವ ಕಾರ್ಬ್ಯುರೇಟರಿನ ಬಾಯಿಗೆ ಡಬ್ಲ್ಯುಡಿ-40 ಎಣ್ಣೆ ಸ್ಪ್ರೇ ಹೊಡೆದು, ಲಿವರನ್ನು ನಾಲ್ಕಾರು ಸಲ ಒತ್ತಿ ಬಿಟ್ಟರೆ ಎರಡೇ ನಿಮಿಷದಲ್ಲಿ ಸರಿಹೋಗುತ್ತದೆ ಎಂದು ತೋರಿಸಿದ್ದಾರೆ. ನಮ್ಮ ಹಳೆಯ ಟೂ-ಸ್ಟ್ರೋಕ್ ಗಾಡಿಗೂ ಇದೇ ತೊಂದರೆ ಇರುವುದರಿಂದ ಶನಿವಾರ ನಾನೂ ಹೀಗೇ ಮಾಡುವವನಿದ್ದೇನೆ.

ಅಕ್ಕ (ಟ್ಯಾಂಪಾ): ತೊಂದರೆ ಎಂಥದು ಎನ್ನುವುದನ್ನು ಇವರು ಬರೆದಿಲ್ಲ. ಮೊನ್ನೆ ಮಗ ದಡದ ಕಡೆಗೆ ತಿರುಗುವಾಗ ಹೆಬ್ಬೆರಳು ತೆಗೆದ ಮೇಲೂ ಎಂಜಿನ್ನಿನ ಸದ್ದು ಇಳಿಯಲೇ ಇಲ್ಲ. ಲ್ಯಾನ್ಯಾರ್ಡ್ (ಎಂಜಿನ್ ನಿಲ್ಲಿಸುವ ಸುರಕ್ಷಾ ಹಗ್ಗ) ಎಳೆದು ನಿಲ್ಲಿಸಿದ.

ನಾನು: ಹಾಗಾದರೆ ಇದು ಬರೀ ಕಿರಿಕಿರಿಯ ಮಾತಲ್ಲ. ಲ್ಯಾನ್ಯಾರ್ಡ್ ಎಳೆದರೆ ಎಂಜಿನ್ ನಿಲ್ಲುತ್ತದೆ, ನಿಜ. ಆದರೆ ಆ ಗಾಡಿ ತಿರುಗುವುದೇ ಹಿಂದಿನ ನಳಿಕೆಯಿಂದ ಚಿಮ್ಮುವ ನೀರಿನ ಬಲದಿಂದ. ಎಂಜಿನ್ ನಿಂತ ಕ್ಷಣವೇ ಹ್ಯಾಂಡಲ್ ತಿರುಗಿಸಿ ಪ್ರಯೋಜನವಿಲ್ಲ, ಬ್ರೇಕಂತೂ ಮೊದಲೇ ಇಲ್ಲ. ಥ್ರಾಟಲ್ ತೆರೆದೇ ಉಳಿದರೆ ವೇಗ ಇಳಿಯುವುದಿಲ್ಲ, ಎಂಜಿನ್ ನಿಲ್ಲಿಸಿದರೆ ದಿಕ್ಕು ಬದಲಾಗುವುದಿಲ್ಲ. ಎದುರಿಗೆ ಯಾರಾದರೂ ಈಜುತ್ತಿದ್ದರೆ ಎರಡೂ ಅಪಾಯವೇ. ಸ್ಪ್ರೇ ಹೊಡೆದು ಮತ್ತೆ ನೀರಿಗಿಳಿಸುವ ಯೋಚನೆಯನ್ನು ಕೈಬಿಡುವುದು ಒಳ್ಳೆಯದು. ಕಾರ್ಬ್ಯುರೇಟರನ್ನು ಕಳಚಿಯೇ ನೋಡಬೇಕು.

ಅಣ್ಣ (ಮಲ್ಪೆ): ಕಳಚುವುದನ್ನು ಇಷ್ಟು ಸುಲಭವಾಗಿ ಹೇಳಬೇಡ. ಉಪ್ಪುನೀರಿನ ದೋಣಿಗಳ ಔಟ್‌ಬೋರ್ಡ್ ಎಂಜಿನ್‌ಗಳನ್ನು ಬಿಚ್ಚಿ ಕಟ್ಟುವುದೇ ನನ್ನ ಕೆಲಸ. ಥ್ರಾಟಲ್ ತಟ್ಟೆಯನ್ನು ತಿರುಗಿಸುವ ಶಾಫ್ಟ್, ಅಂದರೆ ಕಡ್ಡಿ, ಅಂಟಿದಾಗ ಅದಕ್ಕೆ ಎಣ್ಣೆ ಬಿಟ್ಟು ಒಂದು ರಾತ್ರಿ ಇಟ್ಟರೆ ಎಷ್ಟೋ ಸಲ ಅದು ತಾನಾಗಿ ಬಿಡುತ್ತದೆ. ಚೆನ್ನಾಗಿದ್ದ ಕಾರ್ಬ್ಯುರೇಟರನ್ನು ಮನೆಯಲ್ಲಿ ಬಿಚ್ಚಿ, ಗಾಳಿಯ ದಾರಿಯನ್ನು ತೆರೆದು ಮುಚ್ಚುವ ಆ ಬಟರ್‌ಫ್ಲೈ ತಟ್ಟೆಯನ್ನು ವಾರೆಯಾಗಿ ಕೂರಿಸಿ, ಆಮೇಲೆ ನನ್ನ ಹತ್ತಿರ ತಂದವರೇ ಹೆಚ್ಚು.

ನಾನು: ಎಣ್ಣೆ ಬಿಟ್ಟರೆ ಬಿಡುತ್ತದೆ ಎನ್ನುವುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅದು ಏಕೆ ಅಂಟಿತು ಎಂಬ ಪ್ರಶ್ನೆಗೆ ಎಣ್ಣೆ ಉತ್ತರವಲ್ಲ. ಶಾಫ್ಟ್ ಒಂದು ಲೋಹ, ಬಾಡಿ ಇನ್ನೊಂದು ಹಗುರ ಲೋಹ. ನಡುವಿನ ಸಂದಿಗೆ ಉಪ್ಪಿನ ತೇವ ಹೊಕ್ಕರೆ ಬಾಡಿಯ ಕಡೆಯ ಲೋಹವೇ ಮೊದಲು ತಿನ್ನಲ್ಪಟ್ಟು, ಬಿಳಿಯ ಪುಡಿಯಾಗಿ ಉಬ್ಬಿ, ಶಾಫ್ಟನ್ನು ಹಿಡಿದುಕೊಳ್ಳುತ್ತದೆ. ಸ್ಪ್ರೇ ಆ ಪುಡಿಯನ್ನು ಒದ್ದೆ ಮಾಡುತ್ತದೆಯೇ ಹೊರತು ಹೊರಗೆ ತೆಗೆಯುವುದಿಲ್ಲ. ಅದು ಆರಿದ ಮೇಲೆ ಹಿಡಿತ ಮರಳುತ್ತದೆ, ಮರಳುವ ಹೊತ್ತಿಗೆ ಗಾಡಿ ನೀರಿನ ಮಧ್ಯದಲ್ಲಿರಬಹುದು.

ಅಪ್ಪ: ತಪ್ಪು ಶಾಫ್ಟಿನದೇ ಎಂದು ನೀವಿಬ್ಬರೂ ಹೇಗೆ ತೀರ್ಮಾನಿಸಿದಿರಿ? ನನ್ನ ಸ್ಕೂಟರಿನಲ್ಲಿ ಇಂಥದೇ ಆದಾಗ ತುಕ್ಕು ಹಿಡಿದದ್ದು ಕೇಬಲ್ಲಿಗೆ.

ಅಣ್ಣ (ಮಲ್ಪೆ): ಅಪ್ಪ ಕೇಳಿದ್ದೇ ಮೊದಲು ಕೇಳಬೇಕಾಗಿದ್ದ ಪ್ರಶ್ನೆ. ಭಾವ, ಎಂಜಿನ್ ನಿಲ್ಲಿಸಿ, ಫ್ಲೇಮ್ ಅರೆಸ್ಟರಿನ (ಗಾಳಿ ಒಳಸೇರುವ ಕಡೆ ಬೆಂಕಿ ತಡೆಯುವ ಜಾಲರಿಯ) ಮುಚ್ಚಳ ತೆಗೆದು, ಕಾರ್ಬ್ಯುರೇಟರಿನ ಕಡೆಯಿಂದ ಕೇಬಲ್ ಬಿಡಿಸಿ. ಬೆರಳಿನಿಂದ ತಟ್ಟೆಯನ್ನು ಪೂರ್ತಿ ತೆರೆದು, ಒಮ್ಮೆಲೇ ಬಿಡಿ. ಟಕ್ ಎಂದು ಮುಚ್ಚಿಕೊಂಡರೆ ತಪ್ಪು ಕೇಬಲ್ಲಿನದು, ಇಲ್ಲವೇ ಹ್ಯಾಂಡಲಿನ ಲಿವರಿನಲ್ಲಿ ಸೇರಿರುವ ಮರಳಿನದು. ತೂಕಡಿಸುತ್ತಾ ಮುಚ್ಚಿದರೆ ಶಾಫ್ಟನ್ನೂ ಸ್ಪ್ರಿಂಗನ್ನೂ ಅನುಮಾನಿಸಿ. ನಿಮ್ಮದು ಅವಳಿ ಕಾರ್ಬ್ಯುರೇಟರ್ ಆದ್ದರಿಂದ ನಡುವಿನ ಕೊಂಡಿಯನ್ನೂ ಬಿಡಿಸಿ ಒಂದೊಂದನ್ನೇ ನೋಡಬೇಕು. ಒಂದು ಕೆಟ್ಟರೂ ಇನ್ನೊಂದನ್ನು ಹಿಡಿದು ನಿಲ್ಲಿಸುತ್ತದೆ.

ಭಾವ (ಟ್ಯಾಂಪಾ): ಈಗಷ್ಟೇ ಗ್ಯಾರೇಜಿಗೆ ಹೋಗಿ ನೋಡಿದೆ. ಮುಂದಿನದು ಸರಾಗವಾಗಿ ಮುಚ್ಚುತ್ತದೆ. ಹಿಂದಿನದು ಕಾಲುಭಾಗ ತೆರೆದಿರುವಾಗಲೇ ನಿಲ್ಲುತ್ತದೆ, ಬೆರಳಿನಿಂದ ತಳ್ಳಿದರೆ ಮಾತ್ರ ಮುಚ್ಚುತ್ತದೆ. ಶಾಫ್ಟಿನ ತುದಿಯಲ್ಲಿ ಸುಣ್ಣದಂಥ ಬಿಳುಪು ಕಾಣುತ್ತಿದೆ. ಒಳಗಿನ ಸಂದಿಗೆ ತೆಳುವಾದ ಮರಳುಕಾಗದ ತೂರಿಸಿ ತಿಕ್ಕಿದರೆ ಸಾಲದೇ?

ನಾನು: ಖಂಡಿತ ಬೇಡ. ಶಾಫ್ಟನ್ನು ಹೊರಗೆ ತೆಗೆದ ಮೇಲೆ ಅದನ್ನು ಮೆಲ್ಲಗೆ ಒರೆಸಿ ಹೊಳಪಿಸಬಹುದು, ಆದರೆ ಅದು ಕೂರುವ ರಂಧ್ರವನ್ನು ಉಜ್ಜಿ ದೊಡ್ಡದು ಮಾಡಬಾರದು. ರಂಧ್ರ ಸಡಿಲವಾದರೆ, ಅಥವಾ ತುದಿಯ ರಬ್ಬರ್ ಸೀಲ್ ಹೋದರೆ, ಅಲ್ಲಿಂದ ಗಾಳಿ ಒಳಗೆ ಸೇರುತ್ತದೆ. ಟೂ-ಸ್ಟ್ರೋಕ್ ಎಂಜಿನ್ನಿನಲ್ಲಿ ಹೀಗೆ ಗಾಳಿ ಹೆಚ್ಚಾಗಿ ಪೆಟ್ರೋಲಿನ ಮಿಶ್ರಣ ತೆಳುವಾದರೆ ಪಿಸ್ಟನ್ ಕಾದು ಹಿಡಿದುಕೊಳ್ಳುವ ತನಕ ಹೋಗಬಹುದು. ಅಂಟಿದ ಥ್ರಾಟಲ್ ಹೋಗಿ ಸುಟ್ಟ ಪಿಸ್ಟನ್ ಬರುತ್ತದೆ.

ಅಣ್ಣ (ಮಲ್ಪೆ): ಈ ಮಾತಿಗೆ ನನ್ನ ಒಪ್ಪಿಗೆಯಿದೆ. ಭಾವ, ಬಿಳುಪು ಕಂಡ ಮೇಲೆ ನಾನೂ ಕಳಚಿ ಎಂದೇ ಹೇಳುವೆ, ಆದರೆ ನಾನು ಹೇಳುವ ಕ್ರಮದಲ್ಲಿ. ತಟ್ಟೆಯನ್ನು ಹಿಡಿದಿರುವ ಎರಡು ಸಣ್ಣ ಸ್ಕ್ರೂಗಳ ಹಿಂಬದಿಯ ತುದಿಯನ್ನು ಕಾರ್ಖಾನೆಯಲ್ಲೇ ಹರಡಿಸಿರುತ್ತಾರೆ. ಅವು ಸಡಿಲವಾಗಿ ಬಿದ್ದರೆ ನೇರವಾಗಿ ಎಂಜಿನ್ನಿನ ಒಳಗೇ ಹೋಗುತ್ತವೆ, ಅದಕ್ಕಾಗಿ. ಆ ಹರಡಿದ ಭಾಗವನ್ನು ಅರದಿಂದ ತೇಯ್ದ ನಂತರವೇ ತಿರುಗಿಸಿ. ಸ್ಕ್ರೂಗಳು ಜಪಾನೀ ಅಳತೆಯವು. ಮಾಮೂಲಿ ಫಿಲಿಪ್ಸ್ ಹಾಕಿದರೆ ತಲೆ ಸವೆದು ಹೋಗುತ್ತದೆ, ಜೆಐಎಸ್ ಸ್ಕ್ರೂಡ್ರೈವರೇ ಬೇಕು. ಬೆಂಕಿಯ ಟಾರ್ಚ್ ಬೇಡವೇ ಬೇಡ. ಕಾರ್ಬ್ಯುರೇಟರನ್ನು ಪೂರ್ತಿ ಬರಿದು ಮಾಡಿ, ಬಯಲಿಗೆ ತಂದು, ಹೀಟ್ ಗನ್ನಿನಿಂದ ಬೆಚ್ಚಗೆ ಮಾಡಿ, ಎಣ್ಣೆ ಬಿಟ್ಟು, ಶಾಫ್ಟನ್ನು ಹಿಂದೆ ಮುಂದೆ ಸ್ವಲ್ಪ ಸ್ವಲ್ಪವೇ ಆಡಿಸಿ. ಲಿವರನ್ನು ಇಕ್ಕಳದಿಂದ ತಿರುಚಿದರೆ ಬಾಗುತ್ತದೆ. ಕಾರ್ಬ್ ಕ್ಲೀನರ್ ಬಳಸುವುದಾದರೆ ಡಯಾಫ್ರಮ್‌ಗಳನ್ನೂ (ತೆಳುವಾದ ರಬ್ಬರ್ ಪೊರೆಗಳನ್ನೂ) ಸೀಲ್‌ಗಳನ್ನೂ ಮೊದಲೇ ಹೊರಗೆ ತೆಗೆದಿಡಿ, ಅದು ರಬ್ಬರನ್ನು ಉಬ್ಬಿಸುತ್ತದೆ.

ಅಕ್ಕ (ಟ್ಯಾಂಪಾ): ಇಷ್ಟೆಲ್ಲ ಓದಿದ ಮೇಲೆ ಇವರು ಹೊಸ ಕಾರ್ಬ್ಯುರೇಟರ್ ಕೊಳ್ಳುವ ಮಾತೆತ್ತುತ್ತಾರೆ, ನೋಡುತ್ತಿರಿ.

ಭಾವ (ಟ್ಯಾಂಪಾ): ಎತ್ತುವುದಿಲ್ಲ. ತಟ್ಟೆಯನ್ನು ಮರಳಿ ಕೂರಿಸುವ ಬಗೆಯನ್ನು ಯಾರೂ ಹೇಳಲಿಲ್ಲ.

ಅಣ್ಣ (ಮಲ್ಪೆ): ತೆಗೆಯುವ ಮೊದಲೇ ಯಾವ ಮುಖ ಹೊರಗಿತ್ತು ಎಂದು ಗೀರು ಹಾಕಿಕೊಳ್ಳಿ, ಏಕೆಂದರೆ ಅದರ ಅಂಚು ಓರೆಯಾಗಿ ಕೊರೆದದ್ದು, ತಿರುಗುಮುರುಗಾದರೆ ಮುಚ್ಚುವುದಿಲ್ಲ. ತಟ್ಟೆ ಪೂರ್ತಿ ಮುಚ್ಚದಂತೆ ತಡೆಯುವ ಐಡಲ್ ಸ್ಕ್ರೂವನ್ನು ಹಿಂದಕ್ಕೆ ತಿರುಗಿಸಿ, ಹೊಸ ಸ್ಕ್ರೂಗಳನ್ನು ಅರ್ಧ ಬಿಗಿದು, ತಟ್ಟೆಯನ್ನು ಮುಚ್ಚಿ, ಅದು ಗೋಡೆಯ ಸುತ್ತಲೂ ತಾನಾಗಿ ಹೊಂದಿಕೊಂಡ ಮೇಲೆ ಸ್ಕ್ರೂ ಸಡಿಲವಾಗದಂತೆ ಹಿಡಿಯುವ ಲಾಕ್‌ಟೈಟ್ ಅಂಟು ಹಾಕಿ ಬಿಗಿಯಿರಿ. ಬೆಳಕಿಗೆ ಹಿಡಿದರೆ ಒಂದು ಬದಿಯಲ್ಲಿ ಮಾತ್ರ ಗೆರೆ ಕಾಣಬಾರದು. ಆಮೇಲೆ ಎರಡೂ ಕಾರ್ಬ್ಯುರೇಟರ್‌ಗಳು ಒಟ್ಟಿಗೇ ತೆರೆಯುವಂತೆ ಕೊಂಡಿಯನ್ನು ಹೊಂದಿಸಿ.

ನಾನು: ಥ್ರಾಟಲಿಗೆ ಜೋಡಿಸಿರುವ ಎಣ್ಣೆ ಪಂಪಿನ ಕೇಬಲ್ಲನ್ನೂ ಮರೆಯಬೇಡಿ. ಅದು ಸಡಿಲವಾಗಿ ಕೂತರೆ ಪೂರ್ಣ ವೇಗದಲ್ಲಿ ಎಣ್ಣೆ ಸಾಲುವುದಿಲ್ಲ. ಬಿಚ್ಚುವ ಮುನ್ನ ಪಂಪಿನ ಲಿವರಿನ ಗುರುತು ಎಲ್ಲಿದೆ ಎಂದು ಫೋಟೊ ತೆಗೆದು ಇಲ್ಲಿಗೆ ಹಾಕಿ, ಜೋಡಿಸುವಾಗ ಕೈಪಿಡಿಯ ಅಳತೆಗೆ ಹೊಂದಿಸಿ.

ಭಾವ (ಟ್ಯಾಂಪಾ): ಫೋಟೊ ಹಾಕುತ್ತೇನೆ. ಸ್ಕ್ರೂಡ್ರೈವರನ್ನೂ ಸೀಲ್‌ಗಳ ಕಿಟ್ಟನ್ನೂ ತರಿಸಲು ಹಾಕಿದ್ದೇನೆ, ಅವು ಬರುವ ತನಕ ಗಾಡಿ ಟ್ರೇಲರಿನ ಮೇಲೆಯೇ ಇರುತ್ತದೆ.

ಅಣ್ಣ (ಮಲ್ಪೆ): ಮುಂದಿನ ಕಾರ್ಬ್ಯುರೇಟರಿಗೂ ಅದೇ ಕಿಟ್ ತರಿಸಿ. ಎರಡೂ ಕುಡಿದಿರುವುದು ಅದೇ ಉಪ್ಪುನೀರನ್ನು.