ಅರ್ತಿಂಗ್ ಪ್ರಶ್ನೋತ್ತರ: ಮೈನ್ ಸ್ವಿಚ್ ಆಫ್ ಮಾಡಿದರೂ ನಲ್ಲಿಯಲ್ಲಿ ಶಾಕ್

ನಿರ್ವಾಹಕರು: ಲೈನಿನ ಅರ್ತನ್ನು ನಂಬಲಾಗದ ಮನೆಗಳಲ್ಲಿ ಅರ್ತಿಂಗ್ (ಸೋರಿದ ಕರೆಂಟನ್ನು ನೆಲಕ್ಕಿಳಿಸುವ ವ್ಯವಸ್ಥೆ) ಹೇಗಿರಬೇಕು ಎಂಬ ಪ್ರಶ್ನೆಗಳಿಗೆ, ಪರವಾನಗಿ ಪಡೆದ ಎಲೆಕ್ಟ್ರಿಕಲ್ ಸೂಪರ್‌ವೈಸರ್ ಆಗಿರುವ ನಮ್ಮ ಗುಂಪಿನ ಬದಿಯಡ್ಕದ ಸದಸ್ಯರು ಉತ್ತರಿಸುತ್ತಾರೆ. ಕೇಳಿದವರ ಹೆಸರಿನ ಬದಲು ಅವರ ಊರನ್ನು ಕೊಟ್ಟಿದೆ.

ಕುಂಬಳೆ: ಅಣ್ಣ, ನಮ್ಮ ಮನೆ ಗುಡ್ಡದ ಮೇಲೆ ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ನೆಲದಲ್ಲಿದೆ. ಬೇಸಿಗೆಯಲ್ಲಿ ಫ್ರಿಜ್ಜಿನ ಬಾಗಿಲು ಮುಟ್ಟಿದರೆ ಜುಮ್ಮೆನ್ನುತ್ತದೆ. ವೈರ್‌ಮನ್ 100 ವ್ಯಾಟಿನ ಬಲ್ಬನ್ನು ಫೇಸಿಗೂ (ಕರೆಂಟು ಬರುವ ತಂತಿ) ಅರ್ತಿಗೂ ಕೊಟ್ಟು ಉರಿಸಿ ತೋರಿಸಿ, ಅರ್ತ್ ಚೆನ್ನಾಗಿದೆ ಎಂದು ಹೇಳಿ ಹೋದರು.

ಉತ್ತರ: ಬಲ್ಬ್ ಉರಿದ ಮಾತ್ರಕ್ಕೆ ಅರ್ತ್ ಚೆನ್ನಾಗಿದೆ ಎನ್ನಲಾಗದು. ಆ ಬಲ್ಬಿಗೆ ಅರ್ಧ ಆಂಪಿಯರ್ ಕೂಡ ಬೇಡ. ಅರ್ತಿನ ರೋಧ 40 ಓಮ್ ಇದ್ದರೂ ಅದು ಚೆನ್ನಾಗಿಯೇ ಉರಿಯುತ್ತದೆ. ಆದರೆ ಅದೇ 40 ಓಮಿನ ಮನೆಯಲ್ಲಿ ಫೇಸ್ ತಂತಿ ಫ್ರಿಜ್ಜಿನ ಮೈಗೆ ತಾಗಿದರೆ ಆರು ಆಂಪಿಯರಿಗಿಂತ ಹೆಚ್ಚು ಹರಿಯುವುದಿಲ್ಲ. ಲೋಡು ಮೀರಿದರೆ ತಾನೇ ಆಫ್ ಆಗಿ ಬೀಳುವ 16 ಆಂಪಿಯರಿನ ಎಂಸಿಬಿ ಸ್ವಿಚ್ಚಿಗೆ ಅದು ಮಾಮೂಲಿ ಲೋಡ್ ಅಷ್ಟೇ ಆದ್ದರಿಂದ ಅದು ಬೀಳುವುದಿಲ್ಲ, ಫ್ರಿಜ್ಜಿನ ಮೈ 230 ವೋಲ್ಟಿನ ಆಸುಪಾಸಿನಲ್ಲೇ ನಿಂತಿರುತ್ತದೆ. ಅರ್ತ್ ಟೆಸ್ಟರಿನಿಂದ ಅಳೆಸಿರಿ, ಅದೂ ಮಣ್ಣು ಒಣಗಿರುವ ಏಪ್ರಿಲಿನಲ್ಲಿ. ನೀವೆಲ್ಲ ಇಎಲ್‌ಸಿಬಿ ಎನ್ನುವ, ಕರೆಂಟು ಸೋರಿದರೆ ತಾನೇ ಲೈನ್ ಕಡಿಯುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಇಲ್ಲದಿದ್ದರೆ ಮೊದಲು ಅದನ್ನು ಹಾಕಿಸಿರಿ.

ಉಪ್ಪಳ: ಇದು ಬೇರೆ ಗುಂಪಿನಲ್ಲಿ ಬಂದದ್ದು: "ಅರ್ತ್ ಗುಂಡಿಗೆ ವಾರಕ್ಕೊಮ್ಮೆ ಒಂದು ಕೊಡ ಉಪ್ಪುನೀರು ಹೊಯ್ಯಿರಿ, ಶಾಕ್ ಮಾಯ, ಖರ್ಚಿಲ್ಲ." ಎಲ್ಲರಿಗೂ ಉಪಯೋಗವಾಗಬಹುದು.

ಉತ್ತರ: ಉಪ್ಪು ಕೆಲವು ದಿನ ರೋಧವನ್ನು ತಗ್ಗಿಸುತ್ತದೆ, ಒಂದು ಮಳೆಗಾಲದಲ್ಲಿ ತೊಳೆದುಹೋಗುತ್ತದೆ, ಅಷ್ಟರಲ್ಲಿ ಪೈಪನ್ನು ತಿಂದಿರುತ್ತದೆ. ದಯವಿಟ್ಟು ಇದನ್ನು ಮುಂದೆ ಕಳುಹಿಸಬೇಡಿ.

ಪೆರ್ಲ: ಅಣ್ಣ, ನಮ್ಮದು ಸ್ವಲ್ಪ ಬೇರೆ ಸಮಸ್ಯೆ. ಬಚ್ಚಲಿನ ಗೀಸರಿಗೆ ಕಬ್ಬಿಣದ ಪೈಪಿನ ಮೂಲಕ ನೀರು ಬರುತ್ತದೆ. ಒಂದು ವಾರದಿಂದ ಸಂಜೆ ಹೊತ್ತು ನಲ್ಲಿ ಮುಟ್ಟಿದರೆ ಶಾಕ್ ಹೊಡೆಯುತ್ತದೆ. ಇಎಲ್‌ಸಿಬಿ ಇದೆ, ಅದರ ಟೆಸ್ಟ್ ಗುಂಡಿ ಒತ್ತಿದರೆ ಬೀಳುತ್ತದೆ. ಆಶ್ಚರ್ಯವೆಂದರೆ ಮೈನ್ ಸ್ವಿಚ್ ಆಫ್ ಮಾಡಿದ ಮೇಲೆಯೂ ನಲ್ಲಿಯಲ್ಲಿ ಶಾಕ್ ಇರುತ್ತದೆ. ಮನೆಯಲ್ಲಿ ಸಣ್ಣ ಮಕ್ಕಳಿದ್ದಾರೆ.

ಉತ್ತರ: ಅಕ್ಕ, ಆ ಬಚ್ಚಲಿಗೆ ಈಗಿಂದೀಗಲೇ ಬೀಗ ಹಾಕಿರಿ. ಎರಡು ವಿಷಯ ಬೇಗ ತಿಳಿಸಿರಿ. ನೆರೆಮನೆಯ ಪಂಪು ಚಾಲೂ ಆದಾಗ ನಿಮ್ಮ ದೀಪಗಳು ಒಮ್ಮೆ ಮಂಕಾಗಿ ಒಮ್ಮೆ ಹೆಚ್ಚು ಬೆಳಗುತ್ತವೆಯೇ? ಮೀಟರಿನ ಬಳಿ ನ್ಯೂಟ್ರಲಿಗೂ (ಕರೆಂಟು ವಾಪಸು ಹೋಗುವ ತಂತಿ) ಅರ್ತಿಗೂ ಸೇರಿಸಿದ ತಂತಿ ಕಾಣಿಸುತ್ತದೆಯೇ? ಯಾವುದನ್ನೂ ಮುಟ್ಟದೆ ದೂರದಿಂದ ಪಟ ತೆಗೆದು ಕಳುಹಿಸಿರಿ.

ಮಂಜೇಶ್ವರ: ಇಎಲ್‌ಸಿಬಿ ಇರುವಾಗ ಅರ್ತ್ ಯಾಕೆ ಬೇಕು?

ಉತ್ತರ: ಅರ್ತ್ ಇಲ್ಲದಿದ್ದರೆ ಕರೆಂಟು ನಿಮ್ಮ ಮೈಯ ಮೂಲಕ ಹರಿದ ಮೇಲೆಯೇ ಅದು ಬೀಳುತ್ತದೆ. ಅರ್ತ್ ಇದ್ದರೆ ನೀವು ಮುಟ್ಟುವ ಮೊದಲೇ ಬೀಳುತ್ತದೆ.

ಪೆರ್ಲ: ದೀಪಗಳು ನೀವು ಹೇಳಿದ ಹಾಗೆಯೇ ಆಗುತ್ತವೆ. ಪಟ ಹಾಕಿದ್ದೇನೆ. ಮೀಟರಿನಿಂದ ಮೈನ್ ಸ್ವಿಚ್ಚಿಗೆ ಬರುವ ಕರಿ ತಂತಿಯಿಂದ ಗೇಣುದ್ದದ ಒಂದು ತುಂಡು ಅರ್ತಿನ ಬೋಲ್ಟಿಗೆ ಬಿಗಿದಿದೆ. ಅದರ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿ ಉಬ್ಬಿದೆ. ಹೋದ ವರ್ಷ ಅರ್ತ್ ಸಾಲದು ಎಂದಾಗ ವೈರ್‌ಮನ್ ಹಾಕಿದ್ದು.

ಉತ್ತರ: ನಾನು ಹೆದರಿದ್ದು ಅದಕ್ಕೇ. ಎಲ್ಲರೂ ಇದನ್ನು ಗಮನವಿಟ್ಟು ಓದಬೇಕು. ಪೆರ್ಲದ ಅಕ್ಕನ ಮನೆಗೆ ಬರುವ ಲೈನಿನ ನ್ಯೂಟ್ರಲ್ ಎಲ್ಲೋ ಸಡಿಲವಾಗಿದೆ ಅಥವಾ ಕಡಿದಿದೆ. ವಾಪಸು ಹೋಗಲು ದಾರಿಯಿಲ್ಲದ ಕರೆಂಟು, ಅವರ ಮನೆಯದು ಮಾತ್ರವಲ್ಲ, ಅದೇ ಲೈನಿನ ನೆರೆಮನೆಗಳದ್ದೂ ಸೇರಿ, ಆ ಗೇಣುದ್ದದ ತುಂಡಿನ ಮೂಲಕ ಅವರ ಅರ್ತ್ ಪೈಪಿಗೆ ಇಳಿಯುತ್ತಿದೆ. ಪ್ಲಾಸ್ಟಿಕ್ ಬೆಂದದ್ದು ಆ ಕಾರಣದಿಂದ. ಮುರಕಲ್ಲಿನ ಒಣ ನೆಲದಲ್ಲಿ ಪೈಪು ಅಷ್ಟು ಕರೆಂಟನ್ನು ಮಣ್ಣಿಗೆ ಬಿಡಲಾರದೆ ತಾನೇ ವೋಲ್ಟೇಜಿಗೆ ಏರುತ್ತದೆ. ಅದರೊಂದಿಗೆ ಗೀಸರಿನ ಮೈ, ಪೈಪು, ನಲ್ಲಿ ಎಲ್ಲವೂ ಏರುತ್ತವೆ. ಸಂಜೆ ಊರಿನ ಲೋಡು ಹೆಚ್ಚಾದಾಗ ಶಾಕ್ ಹೆಚ್ಚುವುದೂ ಇದರಿಂದಲೇ. ಆ ತುಂಡು ಮೈನ್ ಸ್ವಿಚ್ಚಿಗೂ ಆರ್‌ಸಿಸಿಬಿಗೂ ಹಿಂದೆ, ಮೀಟರಿನ ಕಡೆ ಇರುವುದರಿಂದ ಅವೆರಡನ್ನೂ ಆಫ್ ಮಾಡಿ ಪ್ರಯೋಜನವಿಲ್ಲ. ಅರ್ತ್ ತಂತಿಯನ್ನು ಕಡಿಯುವ ಸ್ವಿಚ್ ಯಾವ ಮನೆಯಲ್ಲಿಯೂ ಇರುವುದಿಲ್ಲ. ಟೆಸ್ಟ್ ಗುಂಡಿ ಆರ್‌ಸಿಸಿಬಿಯ ಒಳಗಿನ ಕೆಲಸವನ್ನಷ್ಟೇ ನೋಡುತ್ತದೆ, ಅರ್ತಿನ ಸ್ಥಿತಿಯನ್ನು ಹೇಳುವುದಿಲ್ಲ.

ಆ ತುಂಡನ್ನು ನೀವಾಗಲಿ ನಿಮ್ಮ ವೈರ್‌ಮನ್ ಆಗಲಿ ಈಗ ಬಿಚ್ಚಬಾರದು. ಕರೆಂಟು ಹರಿಯುತ್ತಿರುವಾಗ ಬಿಚ್ಚಿದರೆ ಎರಡು ತುದಿಗಳ ನಡುವೆ ಪ್ರಾಣ ತೆಗೆಯುವಷ್ಟು ವೋಲ್ಟೇಜ್ ನಿಲ್ಲುತ್ತದೆ. ವಿದ್ಯುತ್ ಮಂಡಳಿಯ ಸೆಕ್ಷನ್ ಕಚೇರಿಗೆ ಫೋನ್ ಮಾಡಿ "ನ್ಯೂಟ್ರಲ್ ಕಡಿದಿದೆ, ನಲ್ಲಿಯಲ್ಲಿ ಶಾಕ್ ಇದೆ" ಎಂದು ಇವೇ ಮಾತುಗಳಲ್ಲಿ ಹೇಳಿರಿ. ಕಂಬದಲ್ಲಿಯೇ ಲೈನ್ ತೆಗೆಸಿರಿ. ಮೊದಲು ನ್ಯೂಟ್ರಲ್ ಸರಿಯಾಗಲಿ, ಲೈನ್ ಇಲ್ಲದಿರುವಾಗಲೇ ಆ ತುಂಡನ್ನು ತೆಗೆಯಲಿ. ಅಲ್ಲಿಯವರೆಗೆ ಕಬ್ಬಿಣದ ಯಾವ ನಲ್ಲಿಯನ್ನೂ ಮುಟ್ಟಬೇಡಿ.

ಆ ಮೇಲೆ ನಿಮ್ಮದೇ ಅರ್ತ್ ಮಾಡಬೇಕು. ಎರಡೂವರೆ ಮೀಟರ್ ಉದ್ದದ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪು ಎರಡು, ನಡುವೆ ಕನಿಷ್ಠ ಐದು ಮೀಟರ್ ಅಂತರ. ಪೆರ್ಲದ ಕಡೆ ಮುರಕಲ್ಲು ಅಡ್ಡ ಬಂದು ಪೈಪು ಇಳಿಯದಿದ್ದರೆ, ತೋಟದ ಕಣಿಯ (ನೀರಿನ ಕಾಲುವೆಯ) ಪಕ್ಕ ತೇವವಿರುವ ಮಣ್ಣಿನಲ್ಲಿ ಅರ್ಧ ಮೀಟರಿಗಿಂತ ಆಳದ ಚರ ತೋಡಿ, ಹದಿನೈದು ಮೀಟರಿಗೆ ಕಡಿಮೆಯಿಲ್ಲದಂತೆ ಜಿಐ ಪಟ್ಟಿ ಹೂಳಬಹುದು. ಅದನ್ನು ಕೆರೆಗೂ, ನೀರಿಗಾಗಿ ಗುಡ್ಡ ಕೊರೆದ ಸುರಂಗದ ನೀರಿಗೂ ಇಳಿಸಬಾರದು.

ಉಪ್ಪಳ: ನಮ್ಮ ತಂದೆಯವರು ಉಪ್ಪು-ಇದ್ದಿಲು ಹಾಕಿಯೇ ಅರ್ತ್ ಮಾಡಿದ್ದರು. ಇಷ್ಟು ವರ್ಷ ಏನೂ ಆಗಿಲ್ಲ. ಹಳೆಯದೆಲ್ಲ ತಪ್ಪು ಎನ್ನುವುದು ಸರಿಯಲ್ಲ.

ನೀರ್ಚಾಲು: ನಮ್ಮ ಉಪ್ಪು ಹಾಕಿದ ಗುಂಡಿಯನ್ನು ಅಗೆಸಿದಾಗ ಪೈಪಿನ ಕೆಳಗಿನ ಅರ್ಧವೇ ಇರಲಿಲ್ಲ. ಉಳಿದದ್ದು ಕೈಯಲ್ಲಿ ಹಿಡಿದರೆ ಪದರ ಪದರವಾಗಿ ಉದುರುತ್ತಿತ್ತು. ಮೇಲೆ ಬೋಲ್ಟ್ ಮಾತ್ರ ಹೊಸದರ ಹಾಗೆ ಇತ್ತು. ನೀವು ನಿಮ್ಮ ಗುಂಡಿಯನ್ನು ಅಗೆದು ನೋಡಿದ್ದೀರಾ?

ಉಪ್ಪಳ: ನಿಮ್ಮ ಪೈಪು ಕಳಪೆ ಇದ್ದಿರಬೇಕು. ಅದಕ್ಕೆ ಉಪ್ಪು ಏನು ಮಾಡೀತು?

ನೀರ್ಚಾಲು: ಅಗೆಯದೆ ಮಾತಾಡುವವರೊಂದಿಗೆ ನನಗೆ ವಾದವಿಲ್ಲ.

ಮುಳ್ಳೇರಿಯ: ಇಬ್ಬರೂ ನಿಲ್ಲಿಸಿ. ಇನ್ನೊಂದು ಸುಲಭ ಉಪಾಯ ಬಂದಿದೆ: ಅರ್ತ್ ಇಲ್ಲದ ಮನೆಯಲ್ಲಿ ಪ್ಲಗ್ಗಿನ ಒಳಗೇ ನ್ಯೂಟ್ರಲನ್ನು ಮೂರನೇ ಪಿನ್ನಿಗೆ ಸೇರಿಸಿದರೆ ಆಯಿತಂತೆ.

ಉತ್ತರ: ಪೆರ್ಲದ ಉತ್ತರವನ್ನು ಓದದೆ ಇದನ್ನು ಹಾಕಿದ್ದೀರಿ. ನ್ಯೂಟ್ರಲ್ ಕಡಿದ ಕ್ಷಣ ನಿಮ್ಮ ಮಿಕ್ಸಿಯ, ಫ್ರಿಜ್ಜಿನ ಮೈ ಫೇಸ್ ಆಗುತ್ತದೆ. ಇದು ಉಪಾಯವಲ್ಲ, ಮನೆಯವರನ್ನು ಕೊಲ್ಲುವ ದಾರಿ. ನಿರ್ವಾಹಕರು ಈ ಸಂದೇಶವನ್ನು ಅಳಿಸಬೇಕು.

ಮುಳ್ಳೇರಿಯ: ಬಂದದ್ದನ್ನು ಹಾಕಿದೆ, ಅಷ್ಟೇ. ಹೀಗೆ ಗದರಿಸುವುದಾದರೆ ಯಾರು ಪ್ರಶ್ನೆ ಕೇಳುತ್ತಾರೆ?

ಉತ್ತರ: ಅದು ಪ್ರಶ್ನೆಯಾಗಿರಲಿಲ್ಲ.

ಪೈವಳಿಕೆ: ಮಳೆಗಾಲದಲ್ಲಿ ಇಎಲ್‌ಸಿಬಿ ಮತ್ತೆ ಮತ್ತೆ ಬೀಳುತ್ತದೆಂದು ಬೈಪಾಸ್ ಮಾಡಿಸಿದ್ದೇವೆ. ಅರ್ತ್ ಹೊಸತಾಗಿ ಮಾಡಿಸಿದರೆ ಸಾಕಲ್ಲವೇ?

ಉತ್ತರ: ಸಾಲದು. ಬೈಪಾಸ್ ಇಂದೇ ತೆಗೆಸಿರಿ. ಅದು ಬೀಳುವುದು ಎಲ್ಲೋ ಸೋರಿಕೆ ಇರುವುದರಿಂದ. ಒಂದೊಂದೇ ಸರ್ಕ್ಯೂಟ್ ಬಿಡಿಸಿ ಹುಡುಕಲಿ. ಹೊರಗಿನ ದೀಪ ಮತ್ತು ಪಂಪಿನ ಲೈನನ್ನು ಮೊದಲು ನೋಡಲಿ.

ಮಂಜೇಶ್ವರ: ಸೋಲಾರ್ ಪ್ಯಾನೆಲ್ಲಿಗೂ ಇದೇ ಅರ್ತ್ ಸಾಕೇ?

ಉಪ್ಪಳ: ಉಪ್ಪು ಬೇಡವೆಂದರೆ ಬದಲಿಗೆ ಏನು ಹಾಕುವುದು ಎಂದು ಇನ್ನೂ ಹೇಳಿಲ್ಲ.

ಉತ್ತರ: ಬೆಂಟೊನೈಟ್ ಮಣ್ಣು. ಅದು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ.

ಮಂಜೇಶ್ವರ: ಸೋಲಾರಿನ ಬಗ್ಗೆ ಕೇಳಿದ್ದೆ.

ಪೆರ್ಲ: ಅಣ್ಣ, ಲೈನ್‌ಮನ್ ಬಂದು ಲೈನ್ ತೆಗೆದರು. ಕಂಬದ ಮೇಲಿನ ನ್ಯೂಟ್ರಲ್ ಜಾಯಿಂಟು ಸುಟ್ಟು ಒಂದೇ ಎಳೆಯಲ್ಲಿ ನಿಂತಿತ್ತು. ಅದನ್ನು ಕಟ್ಟಿದರು, ಲೈನ್ ಇಲ್ಲದಾಗಲೇ ನಮ್ಮ ತುಂಡನ್ನೂ ತೆಗೆಸಿದೆವು. ಈಗ ನಲ್ಲಿಯಲ್ಲಿ ಏನೂ ಇಲ್ಲ. ಹಳೆಯ ಅರ್ತ್ ಅಳೆದಾಗ 140 ಓಮ್ ಬಂತು.

ಉತ್ತರ: ಸಮಾಧಾನವಾಯಿತು ಅಕ್ಕ. 140 ಓಮಿಗೆ 30 ಮಿಲಿ ಆಂಪಿಯರ್ ಹರಿದರೆ ನಾಲ್ಕು ವೋಲ್ಟಿನಷ್ಟೇ ಏರುತ್ತದೆ, ಆದ್ದರಿಂದ ಆರ್‌ಸಿಸಿಬಿ ಕೆಲಸ ಮಾಡುತ್ತಿರುವವರೆಗೆ ರಕ್ಷಣೆಯಿದೆ. ಆದರೆ ಆರ್‌ಸಿಸಿಬಿ ಕೆಟ್ಟ ದಿನ ಎಂಸಿಬಿ ನಿಮ್ಮನ್ನು ಉಳಿಸದು. ಮಳೆ ಹಿಡಿಯುವ ಮೊದಲೇ ಪೈಪುಗಳನ್ನು ಹಾಕಿಸಿ ಮತ್ತೆ ಅಳೆಸಿರಿ. ಇನ್ನೊಂದು ಮಾತು: ಅದೇ ವೈರ್‌ಮನ್ ನಿಮ್ಮ ಸುತ್ತಲಿನ ಮನೆಗಳಲ್ಲಿಯೂ ಕೆಲಸ ಮಾಡಿರಬಹುದು. ಆ ಮನೆಗಳವರಿಗೆ ಇಂದೇ ತಿಳಿಸಿ, ಮೀಟರಿನ ಬಳಿ ಅಂಥದೇ ತುಂಡು ಇದೆಯೇ ಎಂದು ನೋಡಲು ಹೇಳಿರಿ.