ಸಹಾಯ ಬೇಕು: ಪಿ.ಬಿ. ಶ್ರೀನಿವಾಸ್ ಹಾಡುಗಳ ಸಂಜೆಗೆ ಅಪ್ಪನನ್ನು ಕರೆದುಕೊಂಡು ಹೋಗಬೇಕು

ಎಲ್ಲರಿಗೂ ನಮಸ್ಕಾರ. ಮುಂದಿನ ಶನಿವಾರ ಸಂಜೆ ಚೌಡಯ್ಯ ಸ್ಮಾರಕ ಭವನದಲ್ಲಿ ಪಿ.ಬಿ.ಎಸ್. ನೆನಪಿನ ಕಾರ್ಯಕ್ರಮ ಇದೆ. ಅಪ್ಪನನ್ನು ಕರೆದುಕೊಂಡು ಹೋಗುವ ಆಸೆ. 2013ರಲ್ಲಿ ಪಿ.ಬಿ.ಎಸ್. ತೀರಿಕೊಂಡ ದಿನ ಅಪ್ಪ ಸರಿಯಾಗಿ ಊಟ ಮಾಡಿರಲಿಲ್ಲ. ರಾಜ್‌ಕುಮಾರ್ ಸ್ವತಃ ಹಾಡೋಕೆ ಶುರು ಮಾಡೋ ಮುಂಚೆ ಅವರಿಗೆ ದನಿಯಾಗಿದ್ದವರು ಇವರೇ ಅಲ್ವಾ, ನಮ್ಮಪ್ಪನ ಮಟ್ಟಿಗೆ ಇಬ್ಬರೂ ಒಬ್ಬರೇ! ಆ ಟೋಪಿ, ಜೇಬಿನ ತುಂಬ ಪೆನ್ನು, ಎಲ್ಲಾ ಈಗಲೂ ವರ್ಣಿಸುತ್ತಾರೆ.

ತೊಂದರೆ ಏನಂದ್ರೆ, ಮಂಡಿ ಆಪರೇಷನ್ ಆಗಿದೆ, ಮೆಟ್ಟಿಲು ಜಾಸ್ತಿ ಹತ್ತೋಕೆ ಆಗಲ್ಲ. ಕಿವಿಗೆ ಮೆಷಿನ್ ಬೇರೆ. ದೊಡ್ಡ ಸ್ಪೀಕರ್ ಹತ್ತಿರ ಕೂತರೆ ಅದು ಕುಂಯ್ ಅನ್ನುತ್ತೆ, ಕಿತ್ತು ಜೇಬಿಗೆ ಹಾಕಿಕೊಳ್ಳುತ್ತಾರೆ. ಆಮೇಲೆ ಕಾರ್ಯಕ್ರಮ ಕೇಳಿದ ಹಾಗೇ!

ಅಲ್ಲಿಗೆ ಹೋಗಿ ಬಂದವರು ಹೇಳಿ: ಮೆಟ್ಟಿಲಿಲ್ಲದೆ ಯಾವ ಸಾಲಿನವರೆಗೆ ಹೋಗಬಹುದು? ವೀಲ್‌ಚೇರ್ ಸಿಗುತ್ತಾ, ನಾವೇ ತರಬೇಕಾ? ದನಿ ಮೆತ್ತಗೆ, ಸ್ಪಷ್ಟವಾಗಿ ಕೇಳೋದು ಮಧ್ಯದಲ್ಲೋ ಹಿಂದೆಯೋ? ದುಬಾರಿ ಟಿಕೆಟ್ ಆದರೂ ಪರವಾಗಿಲ್ಲ, ಸುಮ್ನೆ ಮುಂದಿನ ಸಾಲು ತಗೊಂಡು ಒದ್ದಾಡೋದು ಬೇಡ.

ಬನಶಂಕರಿಯಿಂದ ಸಂಪಿಗೆ ರಸ್ತೆವರೆಗೆ ಮೆಟ್ರೋದಲ್ಲಿ ಬಂದು ಆಟೋ ಹಿಡಿಯೋಣ ಅಂತಿದ್ದೇನೆ. ವಾಪಸ್ ಬರುವಾಗ ರಾತ್ರಿ ಅಲ್ಲಿ ಆಟೋ ಸಿಗುತ್ತಾ? ಆ ಕಡೆಯಿಂದ ಕಾರಲ್ಲಿ ಬರೋರು ಯಾರಾದರೂ ಇದ್ದರೆ ತಿಳಿಸಿ, ಪೆಟ್ರೋಲ್ ಹಂಚಿಕೊಳ್ಳೋಣ. ನಾಳೆ ಸಂಜೆಯೊಳಗೆ ಟಿಕೆಟ್ ಮಾಡಿಸಬೇಕು.